ಹದಿನೆಂಟು ವರ್ಣನೆ, ಏಳು ಪಾಯಿಂಟು

ಡಾರ್ಜಿಲಿಂಗಿನ ಟ್ಯಾಕ್ಸಿಯವರು ಊರನ್ನು ಪಾಯಿಂಟಿನ ಲೆಕ್ಕದಲ್ಲಿ ತೋರಿಸುತ್ತಾರೆ. ತ್ರೀ ಪಾಯಿಂಟ್, ಫೈವ್ ಪಾಯಿಂಟ್, ಸೆವೆನ್ ಪಾಯಿಂಟ್. ತ್ರೀ ಪಾಯಿಂಟಿನವರನ್ನು ನಸುಕಿನ ನಾಲ್ಕಕ್ಕೇ ಎಬ್ಬಿಸಿ ಟೈಗರ್ ಹಿಲ್‌ಗೆ ಒಯ್ಯುತ್ತಾರೆ. ಕಾಂಚನಜುಂಗಾದ ಮೇಲೆ ಮೊದಲ ಬಿಸಿಲು ಬೀಳುವುದನ್ನು ತೋರಿಸಿ, ಘೂಮ್‌ನ ಬೌದ್ಧ ಮಠ ಮತ್ತು ಬತಾಸಿಯಾ ಲೂಪ್ ಮುಗಿಸಿ, ತಿಂಡಿಯ ಹೊತ್ತಿಗೆ ಲಾಡ್ಜಿಗೆ ತಂದು ಬಿಡುತ್ತಾರೆ. ಸೆವೆನ್ ಪಾಯಿಂಟಿನಲ್ಲಿ ಮೃಗಾಲಯ, ಪರ್ವತಾರೋಹಣ ಸಂಸ್ಥೆ, ತೇನ್‌ಸಿಂಗ್ ಬಂಡೆ, ಚಹಾ ತೋಟ ಎಲ್ಲ ಸೇರುತ್ತವೆ. ಶಿಮ್ಲಾಕ್ಕೆ ಹೋದರೆ ಕುಫ್ರಿ, ಜಾಖೂ ಗುಡ್ಡದ ಹನುಮಂತ, ಮಾಲ್ ರೋಡ್. ಮಸ್ಸೂರಿಗೆ ಹೋದರೆ ಕೆಂಪ್ಟಿ ಜಲಪಾತ, ಗನ್ ಹಿಲ್, ಲಾಲ್ ಟಿಬ್ಬಾ, ಕಂಪನಿ ಬಾಗ್. ಊರು ಬೇರೆಯಾದರೂ ಲೆಕ್ಕದ ಕ್ರಮ ಒಂದೇ.

ಟ್ಯಾಕ್ಸಿಯವನಿಗೆ ಈ ಲೆಕ್ಕ ಬೇಕು, ಅದು ಅವನ ಹೊಟ್ಟೆಪಾಡು. ನನ್ನ ಪ್ರಶ್ನೆ ಇರುವುದು ಕನ್ನಡದ ಹಿಮಾಲಯ ಪ್ರವಾಸ ಕಥನಗಳ ಬಗ್ಗೆ. ಅವು ಈ ಲೆಕ್ಕವನ್ನೇ ತಮ್ಮ ಅಧ್ಯಾಯಗಳ ಕ್ರಮವಾಗಿ ಯಾಕೆ ಒಪ್ಪಿಕೊಂಡವು?

ಪಿಎಚ್.ಡಿ.ಗಾಗಿ ನಾನು ಪ್ರವಾಸ ಸಾಹಿತ್ಯ ಓದುತ್ತಿದ್ದೇನೆ. ಗ್ರಂಥಾಲಯದ ಕಪಾಟಿನಲ್ಲಿ ಒಂದಷ್ಟು ಹೆಸರಾಂತ ಲೇಖಕರ ಪುಸ್ತಕಗಳಿವೆ. ಅವುಗಳ ಪಕ್ಕದಲ್ಲೇ, ನಿವೃತ್ತರಾದ ಮೇಲೆ ಉತ್ತರ ಭಾರತ ನೋಡಿ ಬಂದವರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಪ್ರೀತಿಯಿಂದ ಕೊಟ್ಟುಹೋದ ತೆಳುವಾದ ಪುಸ್ತಕಗಳಿವೆ. ಹಳೆಯ ವಿಶೇಷಾಂಕಗಳ ಮತ್ತು ಭಾನುವಾರದ ಪುರವಣಿಗಳ ಕಟ್ಟುಗಳಿವೆ. ಈ ಎರಡನೆಯ ಬಗೆಯ ಬರಹವನ್ನು ವಿಮರ್ಶಕರು ಮುಟ್ಟುವುದಿಲ್ಲ. ಆದರೆ ಹಿಮಾಲಯ ಎಂದರೆ ಏನು ಎಂಬ ಚಿತ್ರ ಸಾಮಾನ್ಯ ಕನ್ನಡ ಓದುಗನ ಮನಸ್ಸಿನಲ್ಲಿ ಮೂಡಿದ್ದು ಬಹುಮಟ್ಟಿಗೆ ಇವುಗಳಿಂದಲೇ. ಹಾಗಾಗಿ ಇವನ್ನೂ ಗಂಭೀರವಾಗಿ ಓದಬೇಕು ಎಂದುಕೊಂಡೆ.

ಓದುತ್ತ ಹೋದಂತೆ ಒಂದು ಅಚ್ಚು ಕಣ್ಣಿಗೆ ಬಿತ್ತು. ಕಥನ ಬೆಂಗಳೂರಿನಲ್ಲಿ ಚಪಾತಿ, ಚಟ್ನಿಪುಡಿ ಕಟ್ಟಿಕೊಳ್ಳುವುದರಿಂದ ಶುರುವಾಗುತ್ತದೆ. ಕರ್ನಾಟಕ ಎಕ್ಸ್‌ಪ್ರೆಸ್ ನಮ್ಮ ವಾಡಿ, ಶಹಾಬಾದ್, ಕಲಬುರಗಿಗಳನ್ನು ದಾಟಿ ದೆಹಲಿಗೆ ಹೋಗುತ್ತದೆ. ಆ ಭಾಗಕ್ಕೆ ಸಿಗುವುದು ಹೆಚ್ಚೆಂದರೆ ಒಂದು ಸಾಲು, ಅದೂ ಬಿಸಿಲಿನ ಬಗ್ಗೆ. ಆಮೇಲೆ ತಿರುವು ರಸ್ತೆ, ವಾಂತಿ, ಚಳಿ, ಬಿಸಿ ಚಹಾ. ಮರುದಿನ ಸೂರ್ಯೋದಯ. ಇಲ್ಲಿ ಭಾಷೆ ಇದ್ದಕ್ಕಿದ್ದಂತೆ ಏರುದನಿಗೆ ಹೋಗುತ್ತದೆ. ಬಂಗಾರ ಕರಗುತ್ತದೆ, ಹಿಮ ಕಿರೀಟವಾಗುತ್ತದೆ, ಲೇಖಕರಿಗೆ ಮಾತು ನಿಂತುಹೋಗುತ್ತದೆ, ಮಾತು ನಿಂತದ್ದನ್ನು ಹೇಳಲು ಅರ್ಧ ಪುಟ ಬೇಕಾಗುತ್ತದೆ. ಬಳಿಕ ಉದ್ಯಾನ, ಸರೋವರದಲ್ಲಿ ದೋಣಿ, ಮಾಲ್ ರೋಡಿನಲ್ಲಿ ಶಾಲು ಖರೀದಿ, ವಾಪಸು ಪ್ರಯಾಣ.

ಈ ಪಟ್ಟಿ ಹಳಗನ್ನಡ ಕ್ಲಾಸಿನಲ್ಲಿ ಕೂತವರಿಗೆ ಪರಿಚಿತ ಅನಿಸಬೇಕು. ದಂಡಿ ತನ್ನ ಕಾವ್ಯಾದರ್ಶದಲ್ಲಿ ಮಹಾಕಾವ್ಯಕ್ಕೆ ಬೇಕಾದ ವರ್ಣನೆಗಳ ಪಟ್ಟಿ ಕೊಟ್ಟಿದ್ದಾನೆ: ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯ, ಉದ್ಯಾನ, ಜಲಕ್ರೀಡೆ, ಮಧುಪಾನ, ವಿರಹ, ವಿವಾಹ, ಪ್ರಯಾಣ ಹೀಗೆ. ನಾವು ಇದನ್ನು ಅಷ್ಟಾದಶ ವರ್ಣನೆ ಎಂದು ಪರೀಕ್ಷೆಗೆ ಬಾಯಿಪಾಠ ಮಾಡುತ್ತೇವೆ. ಗಿರಿಧಾಮದ ಪ್ಯಾಕೇಜಿನ ಪಕ್ಕದಲ್ಲಿ ಈ ಪಟ್ಟಿ ಇಟ್ಟು ನೋಡಿ. ನಗರ ಮಾಲ್ ರೋಡ್, ಪರ್ವತ ಸ್ನೋ ವ್ಯೂ, ಸೂರ್ಯೋದಯ ಟೈಗರ್ ಹಿಲ್, ಉದ್ಯಾನ ಕಂಪನಿ ಬಾಗ್, ಜಲಕ್ರೀಡೆ ಕೆಂಪ್ಟಿ ಜಲಪಾತ. ಮಧುಪಾನಕ್ಕೂ ವಿವಾಹಕ್ಕೂ ಹನಿಮೂನ್ ಪ್ಯಾಕೇಜಿದೆ. ಸಮುದ್ರ ಒಂದು ಇಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಟ್ಯಾಕ್ಸಿಯವರು ದಂಡಿಯನ್ನು ಓದಿದ್ದಾರೆಂದು ನಾನು ವಾದಿಸುತ್ತಿಲ್ಲ. ಗಿರಿಧಾಮಗಳ ಈ ಸುತ್ತು ಬ್ರಿಟಿಷರ ಕಾಲದ ಬಿಡುವಿನ ಅಭ್ಯಾಸಗಳಿಂದ ಬಂದದ್ದು. ನಾನು ಹೇಳುತ್ತಿರುವುದು ಬರೆಯುವವರ ಬಗ್ಗೆ. ಹೊಸ ಜಾಗಕ್ಕೆ ಹೋದ ಕನ್ನಡ ಗದ್ಯಕ್ಕೆ ಹಿಡಿದುಕೊಳ್ಳಲು ಒಂದು ಪಟ್ಟಿ ಬೇಕಿತ್ತು. ಒಳಗಿಂದ ವರ್ಣನೆಯ ಪಟ್ಟಿ ಸಿಕ್ಕಿತು, ಹೊರಗಿಂದ ಪಾಯಿಂಟಿನ ಪಟ್ಟಿ ಸಿಕ್ಕಿತು. ಎರಡೂ ಒಂದರ ಮೇಲೊಂದು ಸರಿಯಾಗಿ ಕೂತವು. ಆದರೆ ಒಂದು ವ್ಯತ್ಯಾಸವಿದೆ. ಹಳೆಯ ಕವಿ ತಾನು ಹಿಮಾಲಯ ಕಂಡೆ ಎಂದು ಎಲ್ಲೂ ಸಾಕ್ಷಿ ಹೇಳುವುದಿಲ್ಲ. ಅವನ ಪರ್ವತ ರಸಕ್ಕಾಗಿ ಬಂದ ಪರ್ವತ, ಅದನ್ನು ಯಾರೂ ಅಳೆಯಲು ಹೋಗುವುದಿಲ್ಲ. ಪ್ರವಾಸ ಕಥನದ ಬಂಡವಾಳವೇ 'ನಾನು ಕಣ್ಣಾರೆ ಕಂಡೆ' ಎಂಬುದು. ಕಂಡವನ ಹಕ್ಕನ್ನು ಕೇಳಿಕೊಂಡು, ಕಾಣದವನ ಮಾತುಗಳಲ್ಲೇ ಬರೆದರೆ ಓದುಗನಿಗೆ ಸಿಗುವುದು ಏನು? ಬಂಗಾರದ ಶಿಖರವನ್ನು ಬೆಂಗಳೂರಲ್ಲಿ ಕೂತೂ ಬರೆಯಬಹುದಿತ್ತಲ್ಲ?

ಈ ಪ್ರಶ್ನೆ ನನಗೆ ತಟ್ಟಲು ಊರೂ ಒಂದು ಕಾರಣ. ನಮ್ಮೂರು ತೆಂಗಳಿ. ಸೇಡಂ ಸೀಮೆಯ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ, ನಮಗೆ ನೆರೆಯ ಊರು. ಕನ್ನಡದಲ್ಲಿ ಉಪಲಬ್ಧವಿರುವ ಮೊದಲ ಗ್ರಂಥ ಕವಿರಾಜಮಾರ್ಗ ಸುಮಾರು 850ರಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ರಚನೆಯಾದದ್ದು, ದಂಡಿಯನ್ನು ಕನ್ನಡಕ್ಕೆ ಒಗ್ಗಿಸಿದ್ದು ಅದೇ. ಅಂದರೆ ವರ್ಣನೆಯ ಆ ಪಟ್ಟಿ ಕನ್ನಡಕ್ಕೆ ಬಂದ ಬಾಗಿಲು ಕಾಗಿಣಾ ನದಿಯ ದಂಡೆಯಲ್ಲಿದೆ. ಹಿಮಾಲಯ ಯಾತ್ರೆಯ ಹೆಮ್ಮೆಯ ಮಾತೂ ಅದೇ ಆಸ್ಥಾನದಿಂದ ಬಂದಿದೆ. ಅಮೋಘವರ್ಷನ 871ರ ಸಂಜಾನ ತಾಮ್ರಪಟ ಅವನ ತಂದೆ ಮೂರನೆಯ ಗೋವಿಂದನ ಉತ್ತರದ ದಂಡಯಾತ್ರೆಯನ್ನು ಹೊಗಳುತ್ತ, ಅವನ ಕುದುರೆಗಳು ಹಿಮಾಲಯದ ತೊರೆಗಳ ನೀರು ಕುಡಿದವೆಂದು ಹೇಳುತ್ತದೆ. ಅದು ಪ್ರಶಸ್ತಿಯ ಭಾಷೆ, ಇತಿಹಾಸಕಾರರು ಅದನ್ನು ಹಾಗೆಯೇ ಓದಬೇಕು. ನನಗೆ ಅಲ್ಲಿ ಕಾಣುವುದು ಬೇರೆ. ಹಿಮಾಲಯದ ತನಕ ಹೋಗಿ ಬಂದೆ ಎಂಬುದೇ ಸಾಧನೆ. ಅಲ್ಲಿ ಏನು ಕಂಡೆ, ಯಾರನ್ನು ಕಂಡೆ ಎಂಬುದು ಲೆಕ್ಕಕ್ಕಿಲ್ಲ. ಇವತ್ತಿನ ಎಷ್ಟೋ ಕಥನಗಳ ಒಳದನಿ ಈ ತಾಮ್ರಪಟದ್ದೇ. ಕುದುರೆಯ ಬದಲು ಇನೋವಾ ಬಂದಿದೆ, ಅಷ್ಟೇ.

ಆದರೆ ಇದೇ ಅಮೋಘವರ್ಷನ ಕಾಲದಲ್ಲಿ ಇದಕ್ಕೆ ಎದುರುತ್ತರವೂ ಹುಟ್ಟಿತು ಎಂಬುದು ನನಗೆ ಬಹಳ ಹಿಡಿಸಿದ ವಿಷಯ. ಅವನು ಗುರುವೆಂದು ನಡೆದುಕೊಂಡ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಪಾರ್ಶ್ವಾಭ್ಯುದಯ ಬರೆದರು. ಕಾಳಿದಾಸನ ಮೇಘದೂತದ ಸಾಲುಗಳನ್ನೆಲ್ಲ ತಮ್ಮ ಪದ್ಯಗಳೊಳಗೆ ಹೊಸೆದುಕೊಂಡು, ಆ ಕಾವ್ಯಕ್ಕೆ ಬೇರೆಯದೇ ಅರ್ಥ ಹೊರಡಿಸಿದ ನಾಲ್ಕು ಸರ್ಗಗಳ ಕೃತಿ ಅದು. ಮೇಘದೂತದ ಮೊದಲ ಅರ್ಧ ಒಂದು ದಾರಿಪಟ್ಟಿ ಎಂಬುದು ನಿಮಗೆ ಗೊತ್ತು: ರಾಮಗಿರಿಯಿಂದ ಹೊರಟು ಆಮ್ರಕೂಟ, ರೇವಾ, ವಿದಿಶಾ, ಉಜ್ಜಯಿನಿ, ಕುರುಕ್ಷೇತ್ರ, ಕನಖಲ ದಾಟಿ ಹಿಮಾಲಯ, ಕೈಲಾಸ, ಅಲಕೆ. ಜಿನಸೇನರಲ್ಲಿ ಈ ಮೋಹಕ ದಾರಿಯನ್ನು ಬಣ್ಣಿಸುವವನು ವಿರಹಿ ಯಕ್ಷನಲ್ಲ, ಹಿಂದಿನ ಜನ್ಮಗಳ ವೈರ ಹೊತ್ತ ಶಂಬರ. ಕೇಳಿಸಿಕೊಳ್ಳುವವನು ಧ್ಯಾನಕ್ಕೆ ಕೂತ ಪಾರ್ಶ್ವ. ಕೂತವನನ್ನು ಕದಲಿಸಲು ಹೂಡಿದ ಮಾತಾಗಿ ಹಿಮಾಲಯದ ವರ್ಣನೆ ಬರುತ್ತದೆ. ಪಾರ್ಶ್ವ ಕದಲುವುದಿಲ್ಲ. ನೋಡಬೇಕಾದ ಜಾಗಗಳ ಪಟ್ಟಿಯನ್ನು ಆಮಿಷವೆಂದು ಗುರುತಿಸಿದ ಕೃತಿ ಇಷ್ಟು ಹಿಂದೆಯೇ, ಇಷ್ಟು ಹತ್ತಿರದಲ್ಲೇ ಇದೆ.

ಹಾಗೆಂದು ದಾರಿಪಟ್ಟಿಯೇ ದೋಷ ಅನ್ನಲಾಗದು. ಕಾಳಿದಾಸನದೂ ಪಟ್ಟಿಯೇ. ಅವನ ಪಟ್ಟಿಗೆ ಜೀವ ಎಲ್ಲಿಂದ ಬಂತು ಎಂದು ನೋಡಿದರೆ ನಮ್ಮ ಕಥನಗಳ ಕೊರತೆ ತಿಳಿಯುತ್ತದೆ. ಮೋಡ ಹೊಲದ ಮೇಲೆ ಹೋಗುವಾಗ ಹಳ್ಳಿಯ ಹೆಂಗಸರು ತಲೆಯೆತ್ತಿ ನೋಡುತ್ತಾರೆ, ಯಾಕೆಂದರೆ ಬೆಳೆ ಆ ಮೋಡದ ಕೈಯಲ್ಲಿದೆ. ಆಗತಾನೆ ನೇಗಿಲು ಹೊಡೆದ ನೆಲದ ವಾಸನೆ ಏಳುತ್ತದೆ. ಹೂ ಬಿಡಿಸುವ ಹೆಂಗಸರು ಕೆನ್ನೆಯ ಬೆವರು ಒರೆಸಿಕೊಳ್ಳುತ್ತಿದ್ದಾರೆ, ಅವರಿಗೆ ಒಂದು ಗಳಿಗೆ ನೆರಳು ಕೊಟ್ಟು ಹೋಗು ಎಂದು ಯಕ್ಷ ಮೋಡಕ್ಕೆ ಹೇಳುತ್ತಾನೆ. ತನ್ನ ಅವಸರ ಅಷ್ಟಿದ್ದರೂ ಉಜ್ಜಯಿನಿಗಾಗಿ ದಾರಿ ಬಳಸು ಎನ್ನುತ್ತಾನೆ. ಮೋಡ ಇಲ್ಲಿ ನೋಡುವುದರ ಜೊತೆಗೆ ನೋಡಿಸಿಕೊಳ್ಳುತ್ತದೆ, ಏನನ್ನೋ ಕೊಡುತ್ತ ಹೋಗುತ್ತದೆ. ತೊಗರಿ ಬಿತ್ತಲು ಮುಂಗಾರು ಕಾಯುವ ನಮ್ಮ ಕಡೆಯವರಿಗೆ ಈ ಭಾಗಕ್ಕೆ ಟೀಕೆ ಬೇಕಾಗಿಲ್ಲ. ನಮ್ಮ ಹಿಮಾಲಯ ಕಥನಗಳಲ್ಲಿ ಲೇಖಕರನ್ನು ತಿರುಗಿ ನೋಡುವ ಒಬ್ಬ ಬೆಟ್ಟದ ಹೆಂಗಸು ಸಿಗುವುದು ಕಷ್ಟ. ಮೇವಿನ ಹೊರೆ ಹೊತ್ತವಳು ಸಿಕ್ಕರೂ ಅವಳು 'ಶ್ರಮಜೀವಿ' ಎಂಬ ಒಂದು ಪದವಾಗಿ ಮುಗಿಯುತ್ತಾಳೆ. ಶಿಮ್ಲಾದ ಏರುದಾರಿಯಲ್ಲಿ ಬೆನ್ನ ಮೇಲೆ ಪೆಟ್ಟಿಗೆ ಹೊರುವ ಕಾಶ್ಮೀರಿ, ನೇಪಾಳಿ ಹಮಾಲರು ಫೋಟೋದ ಅಂಚಿನಲ್ಲಿರುತ್ತಾರೆ, ವಾಕ್ಯದೊಳಗೆ ಬರುವುದಿಲ್ಲ.

ಇನ್ನೊಂದು ಅಭ್ಯಾಸ ಉಪಮೆಯದು. ಬ್ರಿಟಿಷರು ಶಿಮ್ಲಾದಲ್ಲಿ ಇಂಗ್ಲೆಂಡನ್ನು ಹುಡುಕಿದರು. ಮಾಲ್, ಚರ್ಚು, ಹಂಚಿನ ಮನೆ ಕಟ್ಟಿ ಅದನ್ನು ಹಾಗೇ ಮಾಡಿಕೊಂಡರು. 1864ರಲ್ಲಿ ಅದು ಅವರ ಬೇಸಿಗೆ ರಾಜಧಾನಿಯಾಯಿತು, 1903ರಲ್ಲಿ ಕಾಲ್ಕಾದಿಂದ ರೈಲು ಹತ್ತಿತು. ಕೊಡಗು ಅವರ ಬಾಯಲ್ಲಿ ಭಾರತದ ಸ್ಕಾಟ್ಲೆಂಡ್ ಆಯಿತು, ನಮ್ಮವರ ಬಾಯಲ್ಲಿ ಕರ್ನಾಟಕದ ಕಾಶ್ಮೀರವಾಯಿತು. ಹಾಸನ ಬಡವರ ಊಟಿ. ಕೊನೆಗೆ ನಮ್ಮ ಚಿಂಚೋಳಿಯ ಕುಂಚಾವರಂ ಕಾಡು, ಚಂದ್ರಂಪಳ್ಳಿ ಜಲಾಶಯ, ಎತ್ತಿಪೋತ ಜಲಪಾತದ ಬಗ್ಗೆ ಬರೆಯುವಾಗಲೂ ಪತ್ರಿಕೆಗಳಿಗೆ 'ಕಲಬುರಗಿಯ ಮಲೆನಾಡು' ಎಂಬ ಶೀರ್ಷಿಕೆ ಬೇಕು. ಪ್ರತಿ ಊರೂ ಇನ್ನೊಂದು ಊರಿನ ಹಾಗಿದೆ, ಆ ಇನ್ನೊಂದು ಊರು ಮತ್ತೊಂದರ ಹಾಗಿದೆ. ಅಲಂಕಾರಶಾಸ್ತ್ರದಲ್ಲಿ ಉಪಮಾನ ಇರುವುದು ಉಪಮೇಯವನ್ನು ಬೆಳಗಿಸಲು. ಇಲ್ಲಿ ಉಪಮಾನ ಉಳಿದು ಉಪಮೇಯ ಮಾಯವಾಗಿದೆ. ಚಿಂಚೋಳಿಯದು ಒಣ ಎಲೆಯುದುರುವ ಕಾಡು. 2011ರಲ್ಲಿ ಅದನ್ನು ವನ್ಯಜೀವಿಧಾಮ ಎಂದು ಘೋಷಿಸಿದ್ದಕ್ಕೆ ಕಾರಣವೇ ಅದು ಮಲೆನಾಡಿನಂತಿಲ್ಲ, ಒಣ ಸೀಮೆಯ ಕಾಡಾಗಿ ಉಳಿದಿದೆ ಎಂಬುದು. ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲುವ ಮರದ ಚೆಲುವಿಗೆ ಕನ್ನಡ ಪ್ರವಾಸ ಗದ್ಯದಲ್ಲಿ ಇನ್ನೂ ಪದಗಳಿಲ್ಲ. ಹಸಿರು ಇದ್ದರೆ ಮಾತ್ರ ನಮ್ಮ ಗದ್ಯ ಬಾಯಿ ಬಿಡುತ್ತದೆ.

ಇದು ಬರೀ ಶೈಲಿಯ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಮಸ್ಸೂರಿಯ ಒಂದು ಉದಾಹರಣೆ ಕೊಡುತ್ತೇನೆ. ಆ ಬೆಟ್ಟಸಾಲು ಸುಣ್ಣಕಲ್ಲಿನದು. ಡೆಹ್ರಾಡೂನ್ ಕಣಿವೆ ಮತ್ತು ಮಸ್ಸೂರಿ ಬೆಟ್ಟಗಳಲ್ಲಿ ಸುಣ್ಣಕಲ್ಲಿನ ಗಣಿಗಾರಿಕೆ ಎಷ್ಟು ನಡೆಯಿತೆಂದರೆ ಇಳಿಜಾರುಗಳು ಬೋಳಾಗಿ, ನೀರಿನ ಒರತೆಗಳು ಬತ್ತತೊಡಗಿದವು. ಡೆಹ್ರಾಡೂನಿನ ಒಂದು ಸಂಸ್ಥೆ ಬರೆದ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿ ಸುಪ್ರೀಂ ಕೋರ್ಟು 1985ರಲ್ಲಿ ಹಲವು ಗಣಿಗಳನ್ನು ಮುಚ್ಚಲು ಆದೇಶಿಸಿತು. ನಮ್ಮ ದೇಶದ ಪರಿಸರ ನ್ಯಾಯದ ಚರಿತ್ರೆಯಲ್ಲಿ ಅದು ಮೊದಲ ದೊಡ್ಡ ಪ್ರಕರಣಗಳಲ್ಲಿ ಒಂದು. ಇದಾದ ಮೇಲಿನ ಮಸ್ಸೂರಿ ಕಥನಗಳನ್ನೂ ಓದಿದ್ದೇನೆ. ಕೆಂಪ್ಟಿ ಜಲಪಾತ ಇದೆ, ಗನ್ ಹಿಲ್‌ನ ಹಗ್ಗದ ತೊಟ್ಟಿಲು ಇದೆ, ಈ ಗಣಿಗಳಿಲ್ಲ. ಪಾಯಿಂಟಿನ ಪಟ್ಟಿಯಲ್ಲಿ ಇಲ್ಲದ್ದು ಕಣ್ಣಿಗೂ ಬೀಳುವುದಿಲ್ಲ. 2018ರ ಬೇಸಿಗೆಯಲ್ಲಿ ಶಿಮ್ಲಾಕ್ಕೆ ಕುಡಿಯುವ ನೀರಿಲ್ಲದೆ ಜನ ಬೀದಿಗಿಳಿದದ್ದು, 2023ರ ಜನವರಿಯಲ್ಲಿ ಜೋಶಿಮಠದ ಮನೆಗಳು ಬಿರುಕು ಬಿಟ್ಟದ್ದು ನಮಗೆ ಸುದ್ದಿಯಾಗಿ ಬಂತು, ಸಾಹಿತ್ಯವಾಗಿ ಬರಲಿಲ್ಲ. ಸುದ್ದಿಗೂ ಸೂರ್ಯೋದಯಕ್ಕೂ ನಡುವೆ ನಮ್ಮ ಪ್ರವಾಸ ಕಥನ ಒಂದು ಗೋಡೆ ಕಟ್ಟಿಕೊಂಡಿದೆ.

ಈಗ ಬಿಟ್ಟುಹೋದ ಸಮುದ್ರದ ಮಾತು. ನಮ್ಮ ಶಹಾಬಾದ್ ಫರಸಿಯೂ ಸುಣ್ಣಕಲ್ಲೇ. ಮನೆ ಮನೆಯ ನೆಲಕ್ಕೆ ಹಾಸುವ ಆ ಪದರುಗಲ್ಲು ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿದ್ದ ಕಡಲಿನ ತಳದಲ್ಲಿ ಕೂತ ಕೆಸರು. ಮಸ್ಸೂರಿಯ ಸುಣ್ಣಕಲ್ಲೂ ಹಳೆಯ ಕಡಲೊಂದರ ಗಸಿಯೇ. ಅದು ಮೇಲೆದ್ದು ಬೆಟ್ಟವಾಯಿತು, ನಮ್ಮದು ಬಯಲಾಗಿ ಮಲಗಿತು. ಬೆಟ್ಟವಾದದ್ದಕ್ಕೆ ನೋಡುವ ಕಣ್ಣು, ಬರೆಯುವ ಕೈ, ಕಡೆಗೆ ಕೇಳುವ ಕೋರ್ಟೂ ಸಿಕ್ಕಿತು. ವಾಡಿ, ಸೇಡಂ, ಮಳಖೇಡದ ಸುತ್ತ ಸಿಮೆಂಟಿಗಾಗಿ ನೆಲ ಆಳಕ್ಕೆ ಇಳಿಯುತ್ತಲೇ ಇದೆ. ಕಾರ್ಖಾನೆಗಳಿಂದ ನಮ್ಮವರಿಗೆ ಕೆಲಸ ಸಿಕ್ಕಿದೆ ಎಂಬುದನ್ನು ನಾನು ಮರೆತಿಲ್ಲ. ಆದರೆ ಒಂದು ನೆಲ ಚೆಲುವಾಗಿದೆ ಎಂದು ಯಾರೂ ಬರೆಯದೆ ಹೋದರೆ, ಅದು ಬರೀ ಕಚ್ಚಾ ಸಾಮಗ್ರಿಯಾಗಿ ಉಳಿಯುತ್ತದೆ. ಯಾವುದು ನೋಡತಕ್ಕ ಜಾಗ ಎಂದು ತೀರ್ಮಾನಿಸುವ ಗದ್ಯಕ್ಕೆ ಇಂಥ ಹೊಣೆಯೂ ಇದೆ. ಕವಿರಾಜಮಾರ್ಗಕಾರ ಕನ್ನಡದ ತಿರುಳು ಪ್ರದೇಶವನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಗುರುತಿಸಿದ. ಆ ಗೆರೆಯೊಳಗೆ ಅವನ ರಾಜಧಾನಿಯೇ ಬರುವುದಿಲ್ಲ. ತಿರುಳಿನ ಹೊರಗೆ ನಿಂತು ತಿರುಳನ್ನು ಹೊಗಳುವುದು ನಮ್ಮ ಸೀಮೆಗೆ ಹಳೆಯ ರೂಢಿ ಇರಬೇಕು.

ಪ್ರವಾಸ ಎಂಬ ಪದದ ಬಗ್ಗೆಯೂ ಒಂದು ಮಾತಿದೆ. ನಮ್ಮ ಹಳ್ಳಿಗಳಿಂದ ಹೈದರಾಬಾದಿಗೆ, ಪುಣೆ, ಮುಂಬಯಿ, ಬೆಂಗಳೂರಿಗೆ ದುಡಿಯಲು ಹೋಗುವವರಿದ್ದಾರೆ. ಅದನ್ನು ನಾವು ಗುಳೆ ಎನ್ನುತ್ತೇವೆ, ಪ್ರವಾಸ ಎನ್ನುವುದಿಲ್ಲ. ಹಿಮಾಲಯದ ಕಥನವೊಂದನ್ನು ಗಟ್ಟಿಯಾಗಿ ಓದುತ್ತಿದ್ದಾಗ ನಮ್ಮ ಆಯಿ ಕೇಳಿದ್ದು, "ಅಷ್ಟ್ ದೂರ ಏನ್ ದುಡಿಲಾಕ ಹೋಗ್ಯಾರವ್ವ ಅವ್ರು?" ಎಂದು. ದುಡಿಯಲಿಕ್ಕಲ್ಲ, ನೋಡಲಿಕ್ಕೆ ಎಂದೆ. "ನೋಡಿ ಏನ್ ತಂದಾರ?" ಅಂದಳು. ಪ್ರವಾಸ ಸಾಹಿತ್ಯದ ಬಗ್ಗೆ ಇಷ್ಟು ನೇರವಾದ ವಿಮರ್ಶೆಯ ಪ್ರಶ್ನೆಯನ್ನು ನಾನು ಯಾವ ಸೆಮಿನಾರಿನಲ್ಲೂ ಕೇಳಿಲ್ಲ.

ತಂದವರು ಕನ್ನಡದಲ್ಲಿ ಇಲ್ಲದಿಲ್ಲ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಸಸ್ಯಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಬೆಟ್ಟ ಸುತ್ತಿದ ಕಥೆ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಲ್ಲಿ ಬೆಟ್ಟವನ್ನು ಬೆಟ್ಟವೆಂದು ಹೊಗಳುವ ಭಾಗ ಹುಡುಕಿದರೆ ಕಡಿಮೆ. ಗಿಡಕ್ಕೆ ಹೆಸರಿದೆ, ಎಲೆಯ ಜೋಡಣೆ ಇದೆ, ಲೇಖಕರೇ ಬರೆದ ಚಿತ್ರವಿದೆ, ಹುಡುಗರ ತಂಟೆ ಇದೆ, ಊಟದ ಪರದಾಟ ಇದೆ. ಓದಿ ಮುಗಿಸಿದಾಗ ಕಾಡು ಕಂಡ ಹಾಗಾಗುತ್ತದೆ. ತೇಜಸ್ವಿಯವರ 'ಅಲೆಮಾರಿಯ ಅಂಡಮಾನ್' ಓದಿದರೆ ಅವರ ಕಣ್ಣು ದ್ವೀಪದ ಸೌಂದರ್ಯಕ್ಕಿಂತ ಮೀನಿನ ಮೇಲಿದೆ. ಸೂಫಿಗಳು, ನಾಥರನ್ನು ಹುಡುಕಿ ನಾಡು ತಿರುಗಿದ ರಹಮತ್ ತರೀಕೆರೆಯವರ ಕಣ್ಣು ಜನರ ಮೇಲಿದೆ. ಈ ಮೂವರಿಗೂ ಹೋಗಲು ಒಂದು ಕೆಲಸವಿತ್ತು: ಗಿಡ, ಮೀನು, ಜನ. ಕೆಲಸ ಇದ್ದವನಿಗೆ ದಾರಿಯಲ್ಲಿ ಬೇರೆಯದೂ ಕಾಣುತ್ತದೆ. ನೋಡುವುದೊಂದೇ ಕೆಲಸ ಎಂದು ಹೊರಟವನಿಗೆ ಪಟ್ಟಿಯಲ್ಲಿದ್ದದ್ದು ಮಾತ್ರ ಕಾಣುತ್ತದೆ. ಹಿಮಾಲಯದ ಬಗ್ಗೆ ಹಿಂದಿಯಲ್ಲಿ ಪುಟಗಟ್ಟಲೆ ಬರೆದ ರಾಹುಲ ಸಾಂಕೃತ್ಯಾಯನರೂ ಈ ಜಾತಿಯವರೇ. ಅವರು ಮಸ್ಸೂರಿಯಲ್ಲಿ ಮನೆ ಮಾಡಿದ್ದರು, 1963ರಲ್ಲಿ ತೀರಿಕೊಂಡದ್ದು ಡಾರ್ಜಿಲಿಂಗಿನಲ್ಲಿ. ಅವರಿಗೆ ಗಿರಿಧಾಮ ಕೂತು ಬರೆಯುವ ಜಾಗವಾಗಿತ್ತು.

ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಜೀವಮಾನ ಕೂಡಿಟ್ಟ ದುಡ್ಡಿನಲ್ಲಿ ಐದು ದಿನ ರಜೆ ಹಾಕಿ ಹೋದ ಸಾಲಿ ಮಾಸ್ತರು ಒರತೆ, ಗಣಿ, ಹಮಾಲರ ಬಗ್ಗೆ ಯಾಕೆ ಬರೆಯಬೇಕು? ಮೊದಲ ಸಲ ಹಿಮ ಕಂಡ ಖುಷಿಯನ್ನು ಹೇಳಿಕೊಂಡರೆ ತಪ್ಪೇ? ತಪ್ಪಿಲ್ಲ. ಆ ಖುಷಿಯೇ ಬರಲಿ ಎನ್ನುತ್ತೇನೆ. ಹಿಮ ಮುಟ್ಟಿದಾಗ ನಿಮ್ಮ ಹೆಂಡತಿ ಅಂದ ಮಾತು, ಬಾಡಿಗೆಗೆ ಪಡೆದ ಬೂಟು ಕಾಲಿಗೆ ಹಿಡಿಯದೆ ಪಟ್ಟ ಪಾಡು, ಮಂಜು ಕವಿದು ಸೂರ್ಯ ಕಾಣದೇ ಹೋದ ಬೆಳಗಿನ ನಿರಾಸೆ, ಇವು ನಿಮ್ಮವು. ಟೈಗರ್ ಹಿಲ್‌ನಲ್ಲಿ ಮೋಡ ಮುಸುಕಿ ಎಷ್ಟೋ ಜನ ಏನೂ ಕಾಣದೆ ಇಳಿದು ಬರುತ್ತಾರೆ. ಪುಸ್ತಕಗಳಲ್ಲಿ ಮಾತ್ರ ಸೂರ್ಯ ದಿನವೂ ತಪ್ಪದೆ ಹುಟ್ಟುತ್ತಾನೆ. ಆ ಕರಗಿದ ಬಂಗಾರ ಮಾಸ್ತರರದ್ದಲ್ಲ, ಅವರಿಗಿಂತ ಮುಂಚೆ ಬರೆದವರ ಪಟ್ಟಿಯದ್ದು. ಅವರ ಸ್ವಂತ ಖುಷಿಯನ್ನು ಆ ಪಟ್ಟಿ ಕಸಿದುಕೊಂಡಿದೆ ಎಂಬುದೇ ನನ್ನ ತಕರಾರು.

ಬರೆಯುವ ಉಮೇದಿರುವ ವಿದ್ಯಾರ್ಥಿಗಳಿಗೆ ಒಂದು ಸಲಹೆ ಕೊಡಬಹುದಾದರೆ, ಹಿಮಾಲಯಕ್ಕೆ ಹೋಗುವ ಮೊದಲು ಪಾಯಿಂಟಿಲ್ಲದ ಜಾಗವೊಂದನ್ನು ಒಂದು ದಿನ ಸುತ್ತಿ ಬರೆದು ನೋಡಿ. ಚಿತ್ತಾಪುರದ ಹತ್ತಿರ ನಾಗಾವಿಯಿದೆ. ಅಲ್ಲಿ ಘಟಿಕಾಸ್ಥಾನವಿತ್ತು, ವಿದ್ಯಾರ್ಥಿಗಳಿಗೆ, ಗುರುಗಳಿಗೆ, ಜೊತೆಗೆ ಗ್ರಂಥಭಂಡಾರ ನೋಡಿಕೊಳ್ಳುವ ಸರಸ್ವತೀ ಭಂಡಾರಿಗರಿಗೂ ವ್ಯವಸ್ಥೆ ಮಾಡಿದ ವಿಷಯವನ್ನು 1058ರ ಶಾಸನ ಹೇಳುತ್ತದೆ. ಭೀಮಾ ದಂಡೆಯ ಸನ್ನತಿಯಲ್ಲಿ ಗುಡಿಯ ಛಾವಣಿ ಕುಸಿದಾಗ ದೇವಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಕೆತ್ತಿದ ಅವನ ಉಬ್ಬುಶಿಲ್ಪವಿದೆ, ಅದೂ ನಮ್ಮ ಸುಣ್ಣಕಲ್ಲಿನಲ್ಲೇ. ಇವುಗಳ ಮುಂದೆ ನಿಂತಾಗ ಬಂಗಾರ, ಕಿರೀಟ, ಸ್ವರ್ಗ ಯಾವುದೂ ನೆರವಿಗೆ ಬರುವುದಿಲ್ಲ. ಬಿಸಿಲು ನೆತ್ತಿ ಸುಡುತ್ತದೆ, ದೂಳು ಮೆತ್ತುತ್ತದೆ, ಹೊಲದಲ್ಲಿ ತೊಗರಿ ಒಕ್ಕುವವರು 'ಯಾವೂರಾಯ್ತ್ರಿ' ಎಂದು ವಿಚಾರಿಸುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡುವುದರಿಂದ ಕಥನ ಶುರು ಮಾಡಿ. ಕುಫ್ರಿಯಲ್ಲಿ ಕುದುರೆ ಹಿಡಿದು ನಿಂತವನೂ ಮೊದಲು ಕೇಳುವುದು ಅದನ್ನೇ.